ನಾಟಕಕಾರ, ಕಾದಂಬರಿಕಾರ ಕುವೆಂಪು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳನ್ನೊಳಗೊಂಡ ಮಲೆನಾಡು ಅಡಿಕೆ ತೋಟಗಳಿಗೆ ಹೆಸರಾದಂತೆಯೇ ಸಾಹಿತ್ಯಸಂಪತ್ತಿಗೂ ಹೆಸರಾಗಿದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು 1904ರ ಡಿಸೆಂಬರ್ 29ರಂದು ಜನಿಸಿದುದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರುಮನೆಯಲ್ಲಿ. ಬಾಲ್ಯ ಕಳೆದುದು ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ವಿದ್ಯಾರ್ಜನೆಗಾಗಿ ಮೈಸೂರು ಸೇರಿದ ಅವರು ಮೊದಲು ಇಂಗ್ಲಿಷಿನಲ್ಲಿ ಕವನ ರಚಿಸುತ್ತಿದ್ದರು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಹಿತವಚನದಿಂದ ತಾಯ್ನುಡಿಯತ್ತ ತಿರುಗಿದರು. 1929ರಲ್ಲಿ ಮಹಾರಾಜಾ ಕಾಲೇಜಿನ ಅಧ್ಯಾಪಕರಾದರು.

ಕುವೆಂಪು ಅವರನ್ನು ಕವಿಯೆಂದು ಬಲ್ಲವರು ಅನೇಕರು. ಆದರೆ ಅವರ ಹೃದಯದ ಪ್ರಶ್ನೆಗಳು ಮೊದಲು ನೇರವಾಗಿ ಧ್ವನಿಸಿದುದು ನಾಟಕಗಳಲ್ಲಿ. 1928ರ 'ಜಲಗಾರ'ದಲ್ಲಿ ಶಿವನು ದೇಗುಲವನ್ನು ಬಿಟ್ಟು ಬೀದಿ ಗುಡಿಸುವವನಿಗೆ ದರ್ಶನ ನೀಡುತ್ತಾನೆ. ಷೇಕ್ಸ್‌ಪಿಯರನ ಎರಡು ನಾಟಕಗಳು ಅವರ ಕೈಯಲ್ಲಿ 'ಬಿರುಗಾಳಿ', 'ರಕ್ತಾಕ್ಷಿ'ಗಳಾಗಿ ಕನ್ನಡದ ಉಡುಗೆ ತೊಟ್ಟವು.

1944ರ 'ಶೂದ್ರ ತಪಸ್ವಿ' ಮಹಾಚರ್ಚೆಗೆ ಕಾರಣವಾಯಿತು. ಪುರಾಣದಲ್ಲಿ ಶ್ರೀರಾಮನು ತಪೋನಿರತನಾದ ಶಂಬೂಕನನ್ನು ವಧಿಸುತ್ತಾನೆ. ಇಲ್ಲಿಯಾದರೋ ರಾಮನ ಅಸ್ತ್ರವು ತಪಸ್ವಿಗೆ ನಮಿಸಿ, ಅವನನ್ನು ದೂರಿದ ಬ್ರಾಹ್ಮಣನ ಬೆನ್ನಟ್ಟುತ್ತದೆ. ತಪ್ಪರಿತ ಆತನೂ ತಪಸ್ವಿಗೆ ಕೈಮುಗಿಯುತ್ತಾನೆ. ಪೂರ್ವಕಥೆಯನ್ನು ಹೀಗೆ ಮಾರ್ಪಡಿಸುವುದು ಸಲ್ಲದೆಂದು ಮಾಸ್ತಿಯವರಂತಹ ಹಿರಿಯರೇ ಆಕ್ಷೇಪಿಸಿದರು. ಕುವೆಂಪು ಹಿಂಜರಿಯಲಿಲ್ಲ. 1947ರಲ್ಲಿ ಏಕಲವ್ಯನ ಕಥೆಯನ್ನು ಆಧರಿಸಿದ 'ಬೆರಳ್‌ಗೆ ಕೊರಳ್' ಪ್ರಕಟವಾಯಿತು. ಜನ್ಮವು ಯೋಗ್ಯತೆಗೆ ಅಳತೆಗೋಲೇ ಎಂಬುದೇ ಎರಡೂ ಕೃತಿಗಳ ಮೂಲಪ್ರಶ್ನೆ.

ಅದೇ ಪ್ರಶ್ನೆ ಕಾದಂಬರಿಗಳಲ್ಲಿ ಮಲೆನಾಡಿನ ಮನೆಯಂಗಳಕ್ಕೆ ಇಳಿಯಿತು. 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಚಂದ್ರಯ್ಯಗೌಡರ ಮೂರನೆಯ ಮಡದಿ ಸುಬ್ಬಮ್ಮನ ಬಾಳು ನಮ್ಮೆದುರು ನಿಲ್ಲುತ್ತದೆ. 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಗೆ ಏಕೈಕ ನಾಯಕನಿಲ್ಲ. ಜೀತದಾಳು ನಾಯಿಗುತ್ತಿಗೂ ಅವನ ನಾಯಿ ಹುಲಿಯನಿಗೂ ಅಲ್ಲಿ ಗೌಡರಷ್ಟೇ ಘನತೆಯುಂಟು. ರಂಗದ ಮೇಲೆ ಪುರಾಣಪುರುಷರಿಗೆ ದೊರೆತ ನ್ಯಾಯ ಇಲ್ಲಿ ಹೆಸರಿಲ್ಲದವರಿಗೆ ದೊರೆಯಿತು.

ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ 1956ರಿಂದ 1960ರವರೆಗೆ ಸೇವೆ ಸಲ್ಲಿಸಿದ ಅವರು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯಕ್ಕೆ ಜ್ಞಾನಪೀಠ ಪ್ರಶಸ್ತಿ ಪಡೆದ ಪ್ರಥಮ ಕನ್ನಡಿಗರು. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ದಿವಂಗತರಾದರು. ಕುಪ್ಪಳಿಯ ಕವಿಶೈಲದಲ್ಲಿ ಅಂತ್ಯಸಂಸ್ಕಾರ ನೆರವೇರಿತು. 2010ರಲ್ಲಿ ಮೈಸೂರಿನ ರಂಗಾಯಣವು 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಇರುಳಿಡೀ ರಂಗದ ಮೇಲೆ ಪ್ರಯೋಗಿಸಿತು. ಕಾದಂಬರಿಕಾರರು ಹೀಗೆ ಮತ್ತೆ ರಂಗಭೂಮಿಗೆ ಬಂದರು.

ಹಿರಿಯರನ್ನು ಗೌರವಿಸುತ್ತಲೇ ಹಳೆಯ ಕಥೆಯನ್ನು ಪ್ರಶ್ನಿಸುವ ಧೈರ್ಯವನ್ನು ನಮ್ಮ ವಿದ್ಯಾರ್ಥಿಗಳು ಈ ಜೀವನದಿಂದ ಕಲಿಯಬೇಕು.