ಸುಟ್ಟ ಹಡಗು, ಎರಡನೇ ಪುಸ್ತಕ: ಸರ್ವೇಯರ್ ವಾಲೇಸ್ ಕಥೆ

ಸರ್ವೆ ಕ್ಯಾಂಪ್ ಮುಗಿಸಿ ಬಂದವರೆಲ್ಲ ಒಂದೇ ಮಾತು ಹೇಳ್ತೀವಿ: ಬಿಸಿಲಲ್ಲಿ ಸ್ಟಾಫ್ ಹಿಡ್ಕೊಂಡು ನಿಂತು ಕಾಲು ಬಿದ್ದೋಯ್ತು ಅಂತ. ಆದರೆ ಒಂದು ವಿಷಯ ನಿಜ. ವರ್ಷಪೂರ್ತಿ ನೋಡದೇ ಇದ್ದ ಗುಡ್ಡ, ಹಳ್ಳ, ಮರಗಳನ್ನು ಆ ಕೆಲವು ದಿನ ನಾವು ಸರಿಯಾಗಿ ನೋಡಿದೆವು. ಕ್ಯಾಂಪಿನಿಂದ ಬಂದ ಮೇಲೆ ನಮ್ಮ ರೂಮಿನ ಒಬ್ಬನಿಗೆ ಹೊಸ ಹುಚ್ಚು ಹಿಡಿಯಿತು. ಇಂಗ್ಲೆಂಡಿನಲ್ಲಿ ಪ್ರವಾಸ ಮತ್ತು ನಿಸರ್ಗ ಬರವಣಿಗೆಯಲ್ಲೇ ಎಂ.ಎ. ಮಾಡಬಹುದಂತೆ, ಬಿ.ಇ. ಆದ ಮೇಲೆ ಅದನ್ನೇ ಓದ್ತೀನಿ ಅಂದ. ಮೆಸ್ಸಿನಲ್ಲಿ ಎಲ್ಲರೂ ನಕ್ಕೆವು. ಮನೆಯಲ್ಲಿ ಹೇಳಿದ್ಯಾ ಅಂತ ಕೇಳಿದ್ದಕ್ಕೆ ಅವನು ಸುಮ್ಮನಾದ. ನಕ್ಕಿದ್ದು ತಪ್ಪಾಯ್ತೇನೋ ಅನ್ನಿಸಿತು. ಸರ್ವೆ ಕಲಿತವನಿಗೂ ಇಂಥ ಬರವಣಿಗೆಗೂ ಏನು ಸಂಬಂಧ ಅಂತ ಹುಡುಕುತ್ತಾ ಹೋದಾಗ ನಮಗೆ ಸಿಕ್ಕವರು ಆಲ್ಫ್ರೆಡ್ ರಸೆಲ್ ವಾಲೇಸ್.

ವಾಲೇಸ್ ಹುಟ್ಟಿದ್ದು 1823ರ ಜನವರಿ 8ರಂದು, ವೇಲ್ಸ್‌ನ ಅಸ್ಕ್ ಎಂಬ ಊರಿನ ಹತ್ತಿರ. ಅಪ್ಪ ಕಾನೂನು ಓದಿದ್ದರೂ ವಕೀಲಿಕೆ ಮಾಡಲಿಲ್ಲ. ಇದ್ದ ದುಡ್ಡನ್ನು ಎಲ್ಲೆಲ್ಲೋ ಹಾಕಿ ಕಳೆದುಕೊಂಡರು. ಹದಿನಾಲ್ಕು ತುಂಬುವ ಹೊತ್ತಿಗೆ ಹುಡುಗನ ಸ್ಕೂಲು ನಿಂತುಹೋಯಿತು. ಮುಂದೆ ಕಾಲೇಜು, ಡಿಗ್ರಿ ಯಾವುದೂ ಇಲ್ಲ. ಅಣ್ಣ ವಿಲಿಯಂ ಸರ್ವೇಯರ್ ಆಗಿದ್ದ. ಅವನ ಜೊತೆ ಚೈನು ಎಳೆಯುತ್ತಾ, ಊರೂರು ಅಲೆಯುತ್ತಾ ಕೆಲಸ ಕಲಿತ. ಕೋನ ಅಳೆಯೋದು, ನಕ್ಷೆ ಬರೆಯೋದು, ಲೆಕ್ಕ ತಾಳೆ ನೋಡೋದು, ನಾವು ಈಗ ಮಾರ್ಕ್ಸ್‌ಗೋಸ್ಕರ ಮಾಡುವ ಎಲ್ಲವೂ. ಹೊಲ ಗದ್ದೆಗಳಲ್ಲಿ ಓಡಾಡುವಾಗ ಕಾಲಡಿ ಕಾಣುತ್ತಿದ್ದ ಗಿಡಗಳ ಹೆಸರು ಗೊತ್ತಿಲ್ಲ ಅನ್ನೋದು ಅವನಿಗೆ ಕಾಡತೊಡಗಿತು. ಒಂದು ಅಗ್ಗದ ಸಸ್ಯಶಾಸ್ತ್ರದ ಪುಸ್ತಕ ಕೊಂಡು ಶುರು ಮಾಡಿದ.

1844ರಲ್ಲಿ ಸರ್ವೆ ಕೆಲಸ ಸಿಗದೆ ಲೆಸ್ಟರ್ ಊರಿನ ಒಂದು ಶಾಲೆಯಲ್ಲಿ ಪಾಠ ಹೇಳಲು ಸೇರಿದರು. ಆ ಊರಿನ ಲೈಬ್ರರಿಯೇ ಅವರ ಯೂನಿವರ್ಸಿಟಿ ಆಯಿತು. ಹಂಬೋಲ್ಟ್ ಬರೆದ ದಕ್ಷಿಣ ಅಮೆರಿಕದ ಪ್ರವಾಸಕಥನ ಓದಿದ್ದು ಅಲ್ಲೇ. ಜೀರುಂಡೆಗಳ ಹುಚ್ಚಿದ್ದ ಹೆನ್ರಿ ಬೇಟ್ಸ್ ಎಂಬ ಗೆಳೆಯ ಸಿಕ್ಕಿದ್ದೂ ಅಲ್ಲೇ. ಮರುವರ್ಷ ಅಣ್ಣ ವಿಲಿಯಂ ತೀರಿಕೊಂಡ. ವಾಲೇಸ್ ಮತ್ತೆ ಸರ್ವೆಗೆ ಬಂದು, ನೀತ್ ಕಣಿವೆಯಲ್ಲಿ ರೈಲ್ವೆ ಲೈನಿಗಾಗಿ ಅಳತೆ ಮಾಡಿದರು. ಅದರಿಂದ ಒಂದಷ್ಟು ದುಡ್ಡು ಕೂಡಿತು. 1848ರಲ್ಲಿ ಬೇಟ್ಸ್ ಜೊತೆ ಹಡಗು ಹತ್ತಿ ಬ್ರೆಜಿಲ್‌ಗೆ ಹೊರಟರು. ಆಗ ವಾಲೇಸ್ ವಯಸ್ಸು 25. ಸ್ಕಾಲರ್‌ಶಿಪ್ ಇಲ್ಲ, ಸ್ಪಾನ್ಸರ್ ಇಲ್ಲ. ಕೀಟ, ಹಕ್ಕಿಗಳನ್ನು ಸಂಗ್ರಹಿಸಿ ಲಂಡನ್ನಿನ ಏಜೆಂಟ್ ಮೂಲಕ ಮಾರಿ ಖರ್ಚು ನೋಡಿಕೊಳ್ಳೋದು, ಇಷ್ಟೇ ಪ್ಲಾನ್.

ಅಮೆಜಾನ್ ಮತ್ತು ರಿಯೊ ನೀಗ್ರೊ ನದಿಗಳ ಮೇಲೆ ನಾಲ್ಕು ವರ್ಷ ಕಳೆದರು. ಸಹಾಯಕ್ಕೆ ಬಂದ ತಮ್ಮ ಹರ್ಬರ್ಟ್ 1851ರಲ್ಲಿ ಹಳದಿ ಜ್ವರಕ್ಕೆ ಬಲಿಯಾದ. ವಾಲೇಸ್ ಕೂಡ ಜ್ವರದಿಂದ ಸೋತು 1852ರಲ್ಲಿ ಊರಿಗೆ ಹೊರಟರು. ಆಗಸ್ಟ್ 6ರಂದು, ನಡುಸಮುದ್ರದಲ್ಲಿ, ಹೆಲೆನ್ ಎಂಬ ಆ ಹಡಗಿಗೆ ಬೆಂಕಿ ಬಿತ್ತು. ಕೈಗೆ ಸಿಕ್ಕ ಒಂದು ಸಣ್ಣ ತಗಡಿನ ಪೆಟ್ಟಿಗೆಗೆ ಮೀನು, ತಾಳೆಮರಗಳ ಚಿತ್ರಗಳನ್ನೂ ಕೆಲವು ಟಿಪ್ಪಣಿಗಳನ್ನೂ ತುರುಕಿಕೊಂಡು ದೋಣಿಗೆ ಇಳಿದರು. ಜೊತೆಗೆ ತರುತ್ತಿದ್ದ ಸಂಗ್ರಹ, ಡೈರಿಗಳ ಬಹುಪಾಲು ಕಣ್ಣೆದುರೇ ಸುಟ್ಟುಹೋಯಿತು. ಹತ್ತು ದಿನ ತೆರೆದ ದೋಣಿಯಲ್ಲಿ ತೇಲಿದ ಮೇಲೆ ಇನ್ನೊಂದು ಹಡಗು ಅವರನ್ನು ಎತ್ತಿಕೊಂಡಿತು. ಲ್ಯಾಬ್ ರೆಕಾರ್ಡ್ ಕಳೆದರೆ ನಮಗೆ ಎರಡು ದಿನ ಊಟ ಸೇರಲ್ಲ. ಇಲ್ಲಿ ಹೋಗಿದ್ದು ವರ್ಷಗಳ ದುಡಿಮೆ. ಏಜೆಂಟ್ ಮುಂಚೆಯೇ ಇನ್ಶೂರೆನ್ಸ್ ಮಾಡಿಸಿದ್ದರಿಂದ ಊರಿಗೆ ಬಂದ ಮೇಲೆ ಊಟಕ್ಕಾದರೂ ದಾರಿ ಇತ್ತು.

ಹಾಗಿದ್ದರೂ ಮರುವರ್ಷವೇ, 1853ರಲ್ಲಿ, ಅಮೆಜಾನ್ ಪ್ರವಾಸದ ಪುಸ್ತಕ ತಂದರು. ಅಚ್ಚಾಗಿದ್ದು 750 ಪ್ರತಿ. ಒಂಬತ್ತು ವರ್ಷವಾದರೂ ಅಷ್ಟೂ ಖಾಲಿಯಾಗಲಿಲ್ಲ. ವಿವರ ಸಾಲದು ಅಂತ ಡಾರ್ವಿನ್‌ಗೂ ಅನ್ನಿಸಿತ್ತು. ವಿವರ ಇದ್ದ ಕಾಗದವೇ ಸುಟ್ಟುಹೋಗಿದ್ದರೆ ಎಲ್ಲಿಂದ ಬರಬೇಕು? ಕಾಡು ಚೆನ್ನಾಗಿತ್ತು ಅಂತ ನೆನಪಿನಿಂದ ಬರೆಯಬಹುದು. ಯಾವ ದಡದಲ್ಲಿ ಯಾವ ಹಕ್ಕಿ ಇತ್ತು ಅನ್ನೋದಕ್ಕೆ ನೋಟ್‌ಬುಕ್ಕೇ ಬೇಕು. ಅದೇ ವರ್ಷ ಅವರು ಬರೆದ ರಿಯೊ ನೀಗ್ರೊ ನಕ್ಷೆಯನ್ನು ರಾಯಲ್ ಜಿಯೋಗ್ರಾಫಿಕಲ್ ಸೊಸೈಟಿ ಪ್ರಕಟಿಸಿತು. ಹಳೆಯ ಸರ್ವೆ ವಿದ್ಯೆ ಕೈಬಿಡಲಿಲ್ಲ.

ಇನ್ನು ಸಮುದ್ರದ ಸಹವಾಸ ಬೇಡ ಅಂದುಕೊಂಡಿದ್ದವರು 1854ರಲ್ಲಿ ಸಿಂಗಾಪುರದಲ್ಲಿ ಇಳಿದಿದ್ದರು! ಅಲ್ಲಿಂದ ಎಂಟು ವರ್ಷ ಇಂದಿನ ಮಲೇಷ್ಯಾ, ಇಂಡೋನೇಷ್ಯಾ ದ್ವೀಪಗಳಲ್ಲಿ ಸುಮಾರು 14,000 ಮೈಲಿ ತಿರುಗಾಡಿ 1,25,660 ಮಾದರಿಗಳನ್ನು ಕೂಡಿಸಿದರು. ಅದರಲ್ಲಿ 83,200 ಬರೀ ಜೀರುಂಡೆಗಳು. ಈ ಸಲ ಬರೆದ ನೋಟ್‌ಬುಕ್‌ಗಳು ಸುಡಲಿಲ್ಲ, ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಇಂದಿಗೂ ಇವೆ.

ಒಮ್ಮೆ, 1856ರಲ್ಲಿ, ಮಕಾಸರ್‌ಗೆ ನೇರ ಹಡಗು ಸಿಗದೆ ಬಾಲಿ, ಲೊಂಬೊಕ್ ದ್ವೀಪಗಳ ಮೇಲೆ ಹೋಗಬೇಕಾಯಿತು. ಎರಡರ ನಡುವೆ ಇರೋದು ಕಿರಿದಾದ ಜಲಸಂಧಿ. ಬಾಲಿಯಲ್ಲಿ ಮರಕುಟಿಗ ಇತ್ತು, ಲೊಂಬೊಕ್‌ನಲ್ಲಿ ಕಾಣಲಿಲ್ಲ. ಅಲ್ಲಿ ಆಸ್ಟ್ರೇಲಿಯಾ ಕಡೆಯ ಬಿಳಿ ಕಾಕಟೂ ಗಿಳಿಗಳಿದ್ದವು. ಒಂದೇ ಹವೆ, ಒಂದೇ ಥರದ ನೆಲ, ಆದರೆ ಹಕ್ಕಿಗಳು ಎರಡು ಖಂಡದವು. ನಡುವಿನ ಸಮುದ್ರ ತುಂಬಾ ಆಳ. ಹಿಮಯುಗದಲ್ಲಿ ನೀರು ಇಳಿದಾಗಲೂ ಅಲ್ಲಿ ನೆಲ ಕೂಡಲಿಲ್ಲ. ಇದೇ ಇಂದಿನ ವಾಲೇಸ್ ರೇಖೆ. ಬಸ್ ತಪ್ಪಿದ್ದಕ್ಕೆ ಬೈದುಕೊಳ್ಳುವ ನಮಗೆ ಇದನ್ನು ಓದಿ ಖುಷಿಯಾಯಿತು.

1858ರಲ್ಲಿ ಜ್ವರದಲ್ಲಿ ಮಲಗಿದ್ದಾಗ ನೈಸರ್ಗಿಕ ಆಯ್ಕೆಯ ವಿಚಾರ ಹೊಳೆಯಿತು. ಬರೆದು, ಟೆರ್ನಾಟೆ ದ್ವೀಪದ ವಿಳಾಸದಿಂದ ಡಾರ್ವಿನ್‌ಗೆ ಕಳಿಸಿದರು. ಡಾರ್ವಿನ್ ಇಪ್ಪತ್ತು ವರ್ಷದಿಂದ ಅದೇ ವಿಚಾರ ಇಟ್ಟುಕೊಂಡು ಕೂತಿದ್ದರು. ಜುಲೈ 1ರಂದು ಲಂಡನ್ನಿನಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು. ಈ ಕಥೆ ಪಿಯುಸಿ ಬಯಾಲಜಿಯವರಿಗೆ ಸ್ವಲ್ಪ ಗೊತ್ತು. ನಮಗೆ ಬೇಕಾಗಿದ್ದು ಆಮೇಲಿನದು.

1862ರಲ್ಲಿ ಲಂಡನ್ನಿಗೆ ಮರಳಿದ ವಾಲೇಸ್ ಈ ಸಲ ಅವಸರ ಮಾಡಲಿಲ್ಲ. ಸಂಗ್ರಹವನ್ನು ವಿಂಗಡಿಸಿ, ಅರ್ಥ ಮಾಡಿಕೊಂಡು, ಮಲಯ ದ್ವೀಪಸಮೂಹದ ಬಗ್ಗೆ ಎರಡು ಸಂಪುಟಗಳ ಪುಸ್ತಕ ತಂದಿದ್ದು 1869ರಲ್ಲಿ. ಏಳು ವರ್ಷ! ಒಂದೇ ದ್ವೀಪಕ್ಕೆ ಬೇರೆ ಬೇರೆ ವರ್ಷ ಹೋಗಿದ್ದರಿಂದ ತಾರೀಖಿನ ಪ್ರಕಾರ ಬರೆದರೆ ಓದುವವರಿಗೆ ಗೋಜಲಾಗುತ್ತಿತ್ತು. ಅದಕ್ಕೇ ದ್ವೀಪಗಳ ಗುಂಪಿನ ಪ್ರಕಾರ ಜೋಡಿಸಿದರು. ಆ ಪುಸ್ತಕ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಟ್ರಿಪ್ ಹೋಗಿ ಬಂದು ಮೊದಲನೇ ದಿನ, ಎರಡನೇ ದಿನ ಅಂತ ಬರೆಯುವ ನಾವು ಇದನ್ನು ಗಮನಿಸಬೇಕು.

ಪುಸ್ತಕದಲ್ಲಿ ಮನಸ್ಸಿಗೆ ಹಿಂಸೆಯಾಗುವ ಪುಟಗಳೂ ಇವೆ. ಬೋರ್ನಿಯೊದಲ್ಲಿ ಅವರು ಒರಾಂಗುಟಾನ್‌ಗಳನ್ನು ಗುಂಡಿಟ್ಟು ಕೊಂದರು. ತಾಯಿ ಸತ್ತ ಒಂದು ಮರಿಯನ್ನು ಮಗುವಿನ ಹಾಗೆ ಸಾಕಿದರು, ಸರಿಯಾದ ಹಾಲು ಸಿಗದೆ ಸುಮಾರು ಮೂರು ತಿಂಗಳಲ್ಲಿ ಅದೂ ಸತ್ತಿತು. ಎರಡನ್ನೂ ಮುಚ್ಚಿಡದೆ ಬರೆದಿದ್ದಾರೆ. ಅಲಿ ಎಂಬ ಮಲಯ ಹುಡುಗನ ಬಗ್ಗೆಯೂ ಬರೆದಿದ್ದಾರೆ. ಅಡುಗೆಗೆ ಸೇರಿದ ಅಲಿ, ಹಕ್ಕಿ ಹೊಡೆಯುವುದು, ಚರ್ಮ ಬಿಡಿಸಿ ಕಾಪಿಡುವುದು ಎಲ್ಲ ಕಲಿತು ಅವರ ಬಲಗೈ ಆದ. ಇಂದು ವಾಲೇಸ್ ಹೆಸರಿನಲ್ಲಿರುವ ಒಂದು ಸ್ವರ್ಗಪಕ್ಷಿಯನ್ನು ಮೊದಲು ಹಿಡಿದು ತಂದದ್ದು ಅಲಿಯೇ.

ಇಷ್ಟೆಲ್ಲ ಆದ ಮೇಲೂ ವಾಲೇಸ್‌ಗೆ ಕಾಯಂ ಕೆಲಸ ಸಿಗಲಿಲ್ಲ. ಮಾದರಿ ಮಾರಿ ಬಂದ ದುಡ್ಡು ಷೇರುಗಳಲ್ಲಿ ಕರಗಿತು. ಪುಸ್ತಕ ಬರೆದು, ಪರೀಕ್ಷೆ ಪೇಪರ್ ತಿದ್ದಿ ಸಂಸಾರ ನಡೆಸಿದರು. 1881ರಲ್ಲಿ ಡಾರ್ವಿನ್ ಮುಂತಾದವರ ಪ್ರಯತ್ನದಿಂದ ವರ್ಷಕ್ಕೆ 200 ಪೌಂಡ್ ಸರ್ಕಾರಿ ಪಿಂಚಣಿ ಸಿಕ್ಕಿತು. ಎಲ್ಲದರಲ್ಲೂ ಅವರು ಸರಿ ಇದ್ದರು ಅಂತೇನಲ್ಲ. ಸಿಡುಬಿನ ಲಸಿಕೆಯನ್ನು ವಿರೋಧಿಸಿದರು, ಸತ್ತವರ ಆತ್ಮ ಕರೆಸುವ ಸಭೆಗಳನ್ನು ನಂಬಿದರು. 1913ರ ನವೆಂಬರ್ 7ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ರೂಮಿನವನಿಗೆ ಈ ಕಥೆ ಪೂರ್ತಿ ಹೇಳಿದೆವು, ಪೇಪರ್ ತಿದ್ದಿದ ಭಾಗವನ್ನೂ ಬಿಡದೆ. ಎಂ.ಎ. ವಿಷಯ ಅವನು ಇನ್ನೂ ಮನೆಯಲ್ಲಿ ಹೇಳಿಲ್ಲ. ಆದರೆ ಕ್ಯಾಂಪಿನ ಫೀಲ್ಡ್ ಬುಕ್ಕಿನಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ ಹಾಸ್ಟೆಲ್ ಹಿಂದಿನ ಕೆರೆಗೆ ಬರುವ ಹಕ್ಕಿಗಳನ್ನು ತಾರೀಖು ಹಾಕಿ ಬರೆಯುತ್ತಿದ್ದಾನೆ. ನಾವೂ ಸರದಿ ಪ್ರಕಾರ ಹೋಗ್ತಿದ್ದೀವಿ. ಅರ್ಧ ಹಕ್ಕಿಗಳ ಹೆಸರು ನಮಗೆ ಗೊತ್ತಿಲ್ಲ. ಗೊತ್ತಿದ್ದವರು ಸಂಜೆ ಐದೂವರೆಗೆ ಕೆರೆ ಏರಿಗೆ ಬನ್ನಿ.