ತಿಪಟೂರಿನಲ್ಲಿ ಹುಟ್ಟಿದ ಪರಮಾಣು ವಿಜ್ಞಾನಿ

ಮಕ್ಕಳೇ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳ ಅಟ್ಟವನ್ನು ನೀವು ನೋಡಿರಬಹುದು. ಅಲ್ಲಿ ತೆಂಗಿನಕಾಯಿಗಳನ್ನು ತಿಂಗಳುಗಟ್ಟಲೆ ಇಟ್ಟಿರುತ್ತಾರೆ. ಒಳಗಿನ ನೀರು ಬತ್ತಿ ಕೊಬ್ಬರಿ ಆಗಿದೆಯೇ ಎಂದು ತಿಳಿಯಲು ಕಾಯಿ ಒಡೆಯುವುದಿಲ್ಲ. ಅಲುಗಾಡಿಸಿ ನೋಡುತ್ತಾರೆ. ಒಳಗೆ ಗಟ್ಟಿ ಉಂಡೆ ಉರುಳುವ ಸದ್ದು ಕೇಳಿದರೆ ಕೊಬ್ಬರಿ ಸಿದ್ಧ! ಕಾಣದ್ದನ್ನು ಹೀಗೆ ಜಾಣತನದಿಂದ ತಿಳಿಯುವುದು ವಿಜ್ಞಾನಿಗಳ ಕೆಲಸವೂ ಹೌದು. ಪರಮಾಣುವಿನ ಒಳಗನ್ನು ತಿಳಿಯಲು ಬಾಳನ್ನೇ ಮುಡಿಪಾಗಿಟ್ಟ ಡಾ. ರಾಜಾ ರಾಮಣ್ಣ ಹುಟ್ಟಿದ್ದು ಇದೇ ತಿಪಟೂರಿನಲ್ಲಿ, 1925ರ ಜನವರಿ 28ರಂದು.

ಬೆಂಗಳೂರಿನಲ್ಲಿ ಶಾಲೆ ಕಲಿತ ಅವರು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತವಿಜ್ಞಾನ ಓದಿದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದರು. ಪಿಯಾನೋ ನುಡಿಸುವುದರಲ್ಲೂ ನಿಪುಣರು. 1949ರಲ್ಲಿ ಹೋಮಿ ಭಾಭಾ ಅವರು ಮುಂಬಯಿಯಲ್ಲಿ ನಡೆಸುತ್ತಿದ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು.

ಪರಮಾಣುವಿನ ಒಳಗೆ ಏನಿದೆ ಗೊತ್ತೇ? ನಡುವೆ ಬೀಜಕೇಂದ್ರ. ಅದರಲ್ಲಿ ಧನ ವಿದ್ಯುದಂಶದ ಪ್ರೋಟಾನ್‌ಗಳೂ ವಿದ್ಯುದಂಶವಿಲ್ಲದ ನ್ಯೂಟ್ರಾನ್‌ಗಳೂ ಇರುತ್ತವೆ. ಅದರ ಸುತ್ತ ಋಣ ವಿದ್ಯುದಂಶದ ಎಲೆಕ್ಟ್ರಾನ್‌ಗಳು. ಬೀಜಕೇಂದ್ರ ಒಂದು ತೆಂಗಿನಕಾಯಿಯಷ್ಟು ದೊಡ್ಡದಾಗಿದ್ದರೆ, ಹೊರಗಿನ ಎಲೆಕ್ಟ್ರಾನ್‌ಗಳು ಕೆಲವು ಕಿಲೋಮೀಟರ್ ದೂರದಲ್ಲಿ ಇರುತ್ತಿದ್ದವು. ನಡುವೆಯೆಲ್ಲ ಬರೀ ಖಾಲಿ ಜಾಗ!

ಯುರೇನಿಯಂ-235ರ ಬೀಜಕೇಂದ್ರದಲ್ಲಿ 92 ಪ್ರೋಟಾನ್, 143 ನ್ಯೂಟ್ರಾನ್‌ಗಳಿವೆ. ಹೊರಗಿನ ಒಂದು ನ್ಯೂಟ್ರಾನ್ ಅದನ್ನು ಹೊಕ್ಕರೆ ಅದು ಎರಡು ಹೋಳಾಗಿ ಒಡೆಯಬಹುದು. ಆಗ ಬಹಳ ಶಕ್ತಿಯೂ ಎರಡು ಮೂರು ಹೊಸ ನ್ಯೂಟ್ರಾನ್‌ಗಳೂ ಹೊರಬರುತ್ತವೆ. ಅವು ಇನ್ನಷ್ಟು ಬೀಜಕೇಂದ್ರಗಳನ್ನು ಒಡೆಯುತ್ತವೆ. ಇದೇ ಬೈಜಿಕ ವಿದಳನ. ಒಡೆಯುವಾಗ ನ್ಯೂಟ್ರಾನ್‌ಗಳು ಹೇಗೆ ಚಿಮ್ಮುತ್ತವೆ ಎಂಬುದನ್ನು ರಾಮಣ್ಣನವರು ಆಳವಾಗಿ ಅಭ್ಯಾಸ ಮಾಡಿದರು.

1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ‘ಅಪ್ಸರಾ’ ರಿಯಾಕ್ಟರ್ ಕೆಲಸ ಆರಂಭಿಸಿತು. ಅದನ್ನು ಕಟ್ಟಿದ ತಂಡದಲ್ಲಿ ರಾಮಣ್ಣನವರೂ ಇದ್ದರು. ಮರುವರ್ಷ ಯುವ ವಿಜ್ಞಾನಿಗಳಿಗಾಗಿ ತರಬೇತಿ ಶಾಲೆ ತೆರೆಯಲು ಶ್ರಮಿಸಿದರು.

ವಿದಳನದ ಶಕ್ತಿಗೆ ಎರಡು ಮುಖ. ಹತೋಟಿಯಲ್ಲಿಟ್ಟರೆ ವಿದ್ಯುತ್ತು, ಹತೋಟಿ ಬಿಟ್ಟರೆ ಬಾಂಬು. 1945ರಲ್ಲಿ ಹಿರೋಷಿಮಾ ಸುಟ್ಟು ಹೋದದ್ದು ಇದೇ ಶಕ್ತಿಯಿಂದ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ನೆಲದಡಿ ನಡೆದ ಭಾರತದ ಮೊದಲ ಪರಮಾಣು ಪರೀಕ್ಷೆಗೆ ರಾಮಣ್ಣನವರೇ ಮುಂದಾಳು. ಅದು ಶಾಂತಿಗಾಗಿ ಎಂದು ಭಾರತ ಹೇಳಿದರೂ ಹಲವು ದೇಶಗಳು ಒಪ್ಪಲಿಲ್ಲ. ಕೆನಡಾ ತನ್ನ ಪರಮಾಣು ಸಹಾಯವನ್ನು ನಿಲ್ಲಿಸಿತು. ನಮ್ಮವರು ತಾವೇ ಕಲಿತು ಸ್ಥಾವರ ಕಟ್ಟಬೇಕಾಯಿತು. ಉತ್ತರ ಕನ್ನಡದ ಕೈಗಾದಲ್ಲಿ ಹೀಗೆ ದೇಶದಲ್ಲೇ ರೂಪಿಸಿದ ಸ್ಥಾವರ 2000ದಲ್ಲಿ ವಾಣಿಜ್ಯ ಮಟ್ಟದಲ್ಲಿ ವಿದ್ಯುತ್ ಕೊಡತೊಡಗಿತು. ಆ ಶಕ್ತಿಯನ್ನು ಯಾವುದಕ್ಕೆ ಬಳಸಬೇಕು ಎಂಬ ಪ್ರಶ್ನೆ ಮಾತ್ರ ಇಂದಿಗೂ ಉಳಿದಿದೆ. ನೀವೂ ಯೋಚಿಸಿ.

ರಾಮಣ್ಣನವರು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದರು. 1990ರಲ್ಲಿ ಕೇಂದ್ರದ ರಕ್ಷಣಾ ಖಾತೆ ರಾಜ್ಯ ಸಚಿವರಾದರು. ಸಂಗೀತದ ಬಗ್ಗೆಯೂ ಪುಸ್ತಕ ಬರೆದರು. 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ನಿಧನರಾದರು. ಇಂದೋರಿನ ವಿಜ್ಞಾನ ಕೇಂದ್ರವೊಂದಕ್ಕೆ ಅವರ ಹೆಸರಿದೆ.

ಮಾಡಿ ನೋಡಿ: ತೆಂಗಿನ ಚಿಪ್ಪಿನ ಇದ್ದಿಲಿನಲ್ಲಿ ಹೆಚ್ಚಾಗಿರುವುದು ಇಂಗಾಲ. ಅದರ ಪರಮಾಣುವಿನಲ್ಲಿ 6 ಪ್ರೋಟಾನ್, ಸಾಮಾನ್ಯವಾಗಿ 6 ನ್ಯೂಟ್ರಾನ್, 6 ಎಲೆಕ್ಟ್ರಾನ್ ಇರುತ್ತವೆ. ಹುಣಸೆ ಬೀಜ, ಅವರೆಕಾಳು, ಸಾಸಿವೆ ಬಳಸಿ ನೆಲದ ಮೇಲೆ ಅದರ ಮಾದರಿ ಜೋಡಿಸಿ. ಸಾಸಿವೆಯನ್ನು ಎಷ್ಟು ದೂರ ಇಡುತ್ತೀರಿ?