ವಿಷಯಕ್ಕೊಂದು ವಿಳಾಸ ನೀಡಿದ ರಂಗನಾಥನ್

ಹೊಸಹಳ್ಳಿ: ಆಗಸ್ಟ್ 12 ದೇಶದಲ್ಲಿ ಗ್ರಂಥಪಾಲಕರ ದಿನ. ಅಂದು ಗ್ರಂಥಾಲಯಗಳಲ್ಲಿ ಹೂಮಾಲೆ ಧರಿಸುವ ಭಾವಚಿತ್ರ ಡಾ. ಶಿಯಾಳಿ ರಾಮಾಮೃತ ರಂಗನಾಥನ್ ಅವರದು. ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸಿದವರು ಎಂದಷ್ಟೇ ಅವರನ್ನು ಬಲ್ಲವರು ಹೆಚ್ಚು. ಆದರೆ ಕೂಡ್ಲಿಗಿ, ಹಡಗಲಿ ಸೀಮೆಯಿಂದ ವೈದ್ಯಕೀಯ, ನರ್ಸಿಂಗ್ ವ್ಯಾಸಂಗಕ್ಕೆ ತೆರಳಿದ ವಿದ್ಯಾರ್ಥಿ ಇಂದು ಕಂಪ್ಯೂಟರ್ ಮುಂದೆ ಕುಳಿತು ರೋಗವೊಂದರ ಸಂಶೋಧನೆಯನ್ನು ಹುಡುಕುವಾಗ ಎದುರಾಗುವ ತೊಡಕಿಗೆ ಅವರು ದಶಕಗಳ ಹಿಂದೆಯೇ ಉತ್ತರ ಅರಸಿದ್ದರು.

ತಮಿಳುನಾಡಿನ ಶಿಯಾಳಿಯಲ್ಲಿ 1892ರಲ್ಲಿ ಜನಿಸಿದ ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. ಅಧ್ಯಾಪನ ವೃತ್ತಿ ಆರಂಭಿಸಿದ್ದು 1917ರಲ್ಲಿ, ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರೂ ಕೆಲವೇ ದಿನಗಳಲ್ಲಿ ಬೇಸತ್ತು ಪಾಠಕ್ಕೇ ಮರಳಲು ಹಂಬಲಿಸಿದರು. ಅದೇ ವರ್ಷ ತರಬೇತಿಗಾಗಿ ಲಂಡನ್ನಿಗೆ ತೆರಳಿದ್ದು ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಅಲ್ಲಿನ ಅಂಗಡಿಯೊಂದರಲ್ಲಿ ಕಂಡ ಮೆಕ್ಯಾನೊ ಆಟಿಕೆ ಅವರಿಗೆ ಹೊಸ ಹಾದಿ ತೋರಿತು. ಕೆಲವೇ ಪಟ್ಟಿ, ತಿರುಪುಗಳಿಂದ ಹಲವು ಆಕಾರ ಕಟ್ಟಬಹುದಾದರೆ, ಕೆಲವೇ ಮೂಲಾಂಶಗಳಿಂದ ಯಾವುದೇ ವಿಷಯವನ್ನು ಏಕೆ ಕಟ್ಟಬಾರದು ಎಂಬುದು ಅವರ ಆಲೋಚನೆ. ಅದರ ಫಲವೇ 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ.

ಭಾರತದಲ್ಲಿ 1950ರಲ್ಲಿ ಶ್ವಾಸಕೋಶದ ಕ್ಷಯಕ್ಕೆ ಎಕ್ಸ್-ರೇ ಚಿಕಿತ್ಸೆ ಕುರಿತು ನಡೆದ ಸಂಶೋಧನೆ ಎಂಬುದು ಈ ಪದ್ಧತಿಯನ್ನು ವಿವರಿಸಲು ಇಂದಿಗೂ ಬಳಸುವ ಪ್ರಸಿದ್ಧ ಉದಾಹರಣೆ. ಇದರಲ್ಲಿ ಅಂಗ, ರೋಗ, ಚಿಕಿತ್ಸೆ, ಸಾಧನ, ದೇಶ, ಕಾಲ ಎಲ್ಲವೂ ಬೇರೆ ಬೇರೆ ಕೊಂಡಿಗಳಾಗುತ್ತವೆ. ಆ ಸರಪಳಿಯನ್ನು ಕೊನೆಯಿಂದ ಮೊದಲಿಗೆ ಬಿಚ್ಚುತ್ತ ಹೋದರೆ ಒಂದೊಂದು ಕೊಂಡಿಯಲ್ಲೂ ಒಂದು ವಿಷಯ ಶೀರ್ಷಿಕೆ ದೊರೆಯುತ್ತದೆ. ಓದುಗ ಕ್ಷಯ ಎಂದು ಹುಡುಕಲಿ, ಶ್ವಾಸಕೋಶ ಎಂದು ಹುಡುಕಲಿ, ತಲುಪುವ ತಾಣ ಒಂದೇ. ರಂಗನಾಥನ್ ರೂಪಿಸಿದ ಈ ಸರಪಳಿ ವಿಧಾನವನ್ನು ಬ್ರಿಟನ್ನಿನ ರಾಷ್ಟ್ರೀಯ ಗ್ರಂಥಸೂಚಿ 1950ರಲ್ಲಿ ಅಳವಡಿಸಿಕೊಂಡಿತು.

ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1960ರಲ್ಲಿ ಹೊರತಂದ 'ಮೆಶ್' ಶೀರ್ಷಿಕೆಗಳು ರಂಗನಾಥನ್ ಅವರ ಸೃಷ್ಟಿಯಲ್ಲ. ಆದರೆ ಎರಡರ ಗುರಿಯೂ ಒಂದೇ. ಮೂರೂವರೆ ಕೋಟಿಗೂ ಹೆಚ್ಚು ಲೇಖನಗಳ ವಿವರವಿರುವ ಪಬ್‌ಮೆಡ್‌ನಲ್ಲಿ ಒಬ್ಬ ಲೇಖಕ ಹಾರ್ಟ್ ಅಟ್ಯಾಕ್ ಎಂದರೆ ಮತ್ತೊಬ್ಬ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಎನ್ನುತ್ತಾನೆ. ಮೆಶ್ ಎರಡನ್ನೂ ಒಂದೇ ಶೀರ್ಷಿಕೆಯಡಿ ತರುತ್ತದೆ. ಕ್ಷಯ ಎಂಬ ವಿಶಾಲ ಶೀರ್ಷಿಕೆ ಆಯ್ದರೆ ಅದರಡಿಯ ಶ್ವಾಸಕೋಶದ ಕ್ಷಯ, ಮೂಳೆ ಕ್ಷಯಗಳೂ ಸೇರಿಬರುತ್ತವೆ. ಔಷಧೋಪಚಾರ, ತಡೆಗಟ್ಟುವಿಕೆ ಮುಂತಾದ ಉಪಶೀರ್ಷಿಕೆಗಳಿಂದ ಹುಡುಕಾಟವನ್ನು ಕಿರಿದಾಗಿಸಬಹುದು. ತೀರ ಹೊಸ ಲೇಖನಗಳಿಗೆ ಶೀರ್ಷಿಕೆ ಇನ್ನೂ ಅಂಟಿರದಿರುವ ಸಾಧ್ಯತೆ ಇರುವುದರಿಂದ ಸಾಮಾನ್ಯ ಪದಗಳನ್ನೂ ಜೊತೆಗೂಡಿಸಿ ಹುಡುಕುವುದು ಅಗತ್ಯ. ಸರಿಯಾದ ಹೆಸರು ತಿಳಿಯದೆ ಕೈತಪ್ಪುವ ಒಂದು ಲೇಖನ ರೋಗಿಯೊಬ್ಬನ ಚಿಕಿತ್ಸೆಗೇ ಬೇಕಾಗಿದ್ದ ಮಾಹಿತಿಯಾಗಿರಬಹುದು. ಓದುಗನ ಸಮಯ ಉಳಿಸಬೇಕೆಂಬುದನ್ನು ರಂಗನಾಥನ್ 1931ರಲ್ಲೇ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ಒಂದಾಗಿಸಿದ್ದರು.

ಬನಾರಸ್, ದೆಹಲಿ, ಜ್ಯೂರಿಕ್‌ಗಳಲ್ಲಿ ನೆಲೆಸಿದ್ದ ಅವರು 1957ರಲ್ಲಿ ಬೆಂಗಳೂರಿಗೆ ಬಂದರು. ಅದೇ ವರ್ಷ ಪದ್ಮಶ್ರೀ ಗೌರವ ಸಂದಿತು. ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಪ್ರಲೇಖನ ಸಂಶೋಧನಾ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ ಹೊಸ ಪೀಳಿಗೆಯನ್ನು ತಯಾರು ಮಾಡಿದರು. 1965ರಲ್ಲಿ ಕೇಂದ್ರ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಮೈಸೂರು ಸಾರ್ವಜನಿಕ ಗ್ರಂಥಾಲಯ ಅಧಿನಿಯಮ ರೂಪುಗೊಂಡದ್ದೂ ಅದೇ ವರ್ಷ. ಗ್ರಂಥಾಲಯಗಳು ಕಾನೂನಿನ ಬಲದಿಂದಲೇ ಜನರ ಬಳಿಗೆ ತಲುಪಬೇಕೆಂದು ಅವರು ಬಹುಕಾಲದಿಂದ ಪ್ರತಿಪಾದಿಸುತ್ತ ಬಂದಿದ್ದರು.

1972ರ ಸೆಪ್ಟೆಂಬರ್ 27ರಂದು ರಂಗನಾಥನ್ ಬೆಂಗಳೂರಿನಲ್ಲೇ ನಿಧನ ಹೊಂದಿದರು. ಅವರು ಕಟ್ಟಿದ ತರಬೇತಿ ಕೇಂದ್ರ ಇಂದಿಗೂ ಅದೇ ನಗರದಲ್ಲಿ ಕಾರ್ಯನಿರ್ವಹಿಸುತ್ತಿದೆ.